ಬರದ ವರ್ಷದಲ್ಲಿ ಟೂರು ಹೋದವರು: ಕಿಕ್ಕೇರಿ ಸೀಮೆಯ ಬಿಡುವಿನ ಲೆಕ್ಕ

‘ಮಳೆ ಇಲ್ಲ, ಬೆಳೆ ಇಲ್ಲ, ಇವರಿಗೆ ಟೂರೊಂದು ಕೇಡು!’

2023ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಯಾವ ಬಸ್‌ಸ್ಟ್ಯಾಂಡಿನ ಟೀ ಅಂಗಡಿ ಮುಂದೆ ನಿಂತರೂ ಈ ಧಾಟಿಯ ಮಾತು ಕಿವಿಗೆ ಬೀಳ್ತಿತ್ತು. ಹೇಳೋರು ಗಂಡಸರು. ಹೇಳಿಸಿಕೊಳ್ಳೋರು ಬಸ್ಸಿನೊಳಗೆ ಸೀಟು ಹಿಡಿದು ಕೂತ ಹೆಂಗಸರು. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಂಥ ಹೋಬಳಿ ಊರಿನಲ್ಲಿ ಆ ಮಾತಿಗೆ ಬೇರೆಯದೇ ಖಾರ ಇತ್ತು. ಯಾಕಂದ್ರೆ ಬರ ಮತ್ತು ಬಸ್ಸು ಎರಡೂ ಒಂದೇ ಸಲ ಬಂದಿದ್ದವು.

ದಿನಾಂಕ ನೋಡಿ. ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅದೇ ತಿಂಗಳು ಮುಂಗಾರು ಕೈಕೊಟ್ಟಿತು. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಮುಂದೆ ಆ ಪಟ್ಟಿ 236ರಲ್ಲಿ 223ಕ್ಕೆ ಏರಿತು. ಕಾವೇರಿ ನೀರಿಗಾಗಿ ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್ ಆಯ್ತು, 29ಕ್ಕೆ ಕರ್ನಾಟಕ ಬಂದ್. ಆ ವರ್ಷ ಕೆಆರ್‌ಎಸ್ ತುಂಬಲೇ ಇಲ್ಲ. ಹೀಗಿರುವಾಗ ಧರ್ಮಸ್ಥಳಕ್ಕೆ, ಮಾದಪ್ಪನ ಬೆಟ್ಟಕ್ಕೆ ಹೋಗೋ ಬಸ್ಸುಗಳಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಒಂದು ಕಡೆ ರಸ್ತೆ ತಡೆ, ಇನ್ನೊಂದು ಕಡೆ ಪ್ರವಾಸ. ಟಿವಿಗಳಿಗೆ ಇದು ತಮಾಷೆಯ ವಸ್ತುವಾಯ್ತು. ಈ ಎರಡೂ ದೃಶ್ಯ ಒಂದೇ ಮನೆಯದ್ದಾಗಿರಬಹುದು ಅನ್ನೋದು ಮಾತ್ರ ಹೆಚ್ಚಿನವರಿಗೆ ಹೊಳೆಯಲಿಲ್ಲ.

ಬರ ಮೊದಲು ಕಿತ್ತುಕೊಳ್ಳೋದು ಏನನ್ನ?

ಅನ್ನವನ್ನಲ್ಲ. ರೇಷನ್ ಅಕ್ಕಿ ಇದೆ, ಹಿಂದಿನ ವರ್ಷದ ರಾಗಿ ಇರುತ್ತೆ. ಮೊದಲು ನಿಲ್ಲೋದು ಓಡಾಟ. ನೆಂಟರ ಮನೆಗೆ ಹೋದರೆ ಬರಿಗೈಲಿ ಹೋಗೋಕಾಗಲ್ಲ. ಮದುವೆಗೆ ಹೋದರೆ ಮುಯ್ಯಿ ಇಡಬೇಕು. ತವರಿಗೆ ಹೋದರೆ ಮಕ್ಕಳ ಕೈಗೆ ಏನಾದರೂ ಕೊಡಬೇಕು. ಕೈ ಬರಿದಾದ ವರ್ಷ ಇದೆಲ್ಲ ಒಂದೊಂದಾಗಿ ತಪ್ಪಿಹೋಗುತ್ತೆ. ‘ಹುಷಾರಿಲ್ಲ’ ಅಂತಲೋ ‘ಹಸು ಈಯೋದಿದೆ’ ಅಂತಲೋ ನೆಪ ಹೇಳಿ ಜನ ಮನೆಯೊಳಗೇ ಉಳೀತಾರೆ. ಸಾಲದ ಬಗ್ಗೆ ನಾವು ಬರೀತೀವಿ, ಬೆಳೆ ನಷ್ಟದ ಬಗ್ಗೆ ಬರೀತೀವಿ. ಬರಗಾಲದ ಈ ಒಂಟಿತನದ ಬಗ್ಗೆ ಬರೆಯೋದು ಕಮ್ಮಿ, ಅದು ಸರ್ವೆ ಫಾರಂನಲ್ಲಿ ಬರೋದಿಲ್ಲವಲ್ಲ.

ಪರಿಹಾರ ಬಂದ ರೀತಿಯೂ ನೆನಪಿರಲಿ. ರಾಜ್ಯ ಕೇಂದ್ರದ ಮುಂದಿಟ್ಟ ಬೇಡಿಕೆ 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್ ಕೊನೆಗೆ ಸಿಕ್ಕಿದ್ದು ಸುಮಾರು 3,450 ಕೋಟಿ. ಅಷ್ಟು ಹೊತ್ತಿಗೆ ಹಳ್ಳಿ ಮನೆಗಳು ‘ವಾರದ ಸಂಘ’ದ ಕಂತಿಗೆ ಬಿದ್ದಾಗಿತ್ತು. ಮೈಕ್ರೋ ಫೈನಾನ್ಸ್ ವಸೂಲಿಗಾರರ ಕಾಟ ಎಷ್ಟು ಮಿತಿಮೀರಿತು ಅಂದರೆ 2025ರ ಫೆಬ್ರವರಿಯಲ್ಲಿ ಸರ್ಕಾರ ಅದಕ್ಕೆಂದೇ ಸುಗ್ರೀವಾಜ್ಞೆ ತರಬೇಕಾಯ್ತು. ಆ ಸಾಲಗಳು ಬಹುಪಾಲು ಇರೋದು ಹೆಂಗಸರ ಹೆಸರಲ್ಲಿ. ಅಂದರೆ ಕಂತಿನ ದಿನ ಬಾಗಿಲಿಗೆ ಬಂದವರಿಗೆ ಉತ್ತರ ಕೊಡೋರೂ ಅವರೇ, ‘ಟೂರೊಂದು ಕೇಡು’ ಅನ್ನಿಸಿಕೊಂಡೋರೂ ಅವರೇ.

ಹಳ್ಳಿ ಮನೆಗೆ ಕುಟುಂಬ ಸಮೇತ ರಜೆ ಅನ್ನೋದು ಸಲೀಸಾಗಿ ಸಿಗೋ ವಸ್ತು ಅಲ್ಲ. ಕಾರಣ ಕೊಟ್ಟಿಗೆಯಲ್ಲೇ ಇದೆ. ಮಂಡ್ಯ ಜಿಲ್ಲೆಯಲ್ಲಿ ಬೆಳೆ ಕೈಕೊಟ್ಟಾಗ ಮನೆ ನಡೆಸೋದು ಹಾಲು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಕರೆದು ಡೇರಿಗೆ ಹಾಕಲೇಬೇಕು. ಹಸುವಿಗೆ ಭಾನುವಾರ ಇಲ್ಲ, ಡೇರಿಗೆ ಯುಗಾದಿ ಇಲ್ಲ. ಹಾಗಾಗಿ ಹಸು ಕಟ್ಟಿರೋ ಮನೆಯವರು ಎಲ್ಲರೂ ಒಟ್ಟಿಗೆ ಒಂದು ರಾತ್ರಿ ಹೊರಗೆ ಉಳಿಯೋಕಾಗಲ್ಲ. ಒಬ್ಬರು ಉಳೀಬೇಕು. ಆ ಒಬ್ಬರು ಯಾರು ಅನ್ನೋದರಲ್ಲೇ ಮನೆಯೊಳಗಿನ ಅಧಿಕಾರ ಯಾರದ್ದು ಅಂತ ಗೊತ್ತಾಗುತ್ತೆ. ಅತ್ತೆ ಹೊರಟರೆ ಸೊಸೆ ಉಳೀತಾಳೆ. ಸೊಸೆ ಹೊರಡಬೇಕು ಅಂದ್ರೆ ಅಕ್ಕಪಕ್ಕದ ಮನೆಯವರ ಹತ್ತಿರ ಹಾಲು ಕರೆಯೋ ಕೆಲಸ ಒಪ್ಪಿಸಿ, ಮುಂದೆ ಅವರಿಗೂ ಅದೇ ಉಪಕಾರ ತೀರಿಸಬೇಕು.

ಬಸ್ಸು ಬಿಡಿಸಿದ ಒಂದು ಗಂಟು

ಶಕ್ತಿ ಯೋಜನೆ ಹಸುವಿನ ಸಮಸ್ಯೆ ಬಗೆಹರಿಸಲಿಲ್ಲ. ಅದು ಬಿಡಿಸಿದ್ದು ಇನ್ನೊಂದು ಗಂಟನ್ನ: ಬಸ್ ಚಾರ್ಜಿಗೆ ಗಂಡನ ಹತ್ತಿರ ಕೈ ಒಡ್ಡೋದು. ಕಿಕ್ಕೇರಿಯಿಂದ ಧರ್ಮಸ್ಥಳಕ್ಕೆ ಹೋಗೋರು ಚನ್ನರಾಯಪಟ್ಟಣ, ಹಾಸನ ಅಂತ ಬಸ್ಸು ಬದಲಿಸಿ, ಶಿರಾಡಿ ಘಾಟಿ ಇಳೀಬೇಕು. ಮಾದಪ್ಪನ ಬೆಟ್ಟಕ್ಕೆ ಮೈಸೂರು, ಕೊಳ್ಳೇಗಾಲದ ದಾರಿ. ಸಾಮಾನ್ಯ ಬಸ್ಸು, ಕಿಟಕಿ ಪಕ್ಕದ ಸೀಟಿಗೆ ಜಗಳ, ಮಡಿಲಲ್ಲಿ ಮಗು, ಚೀಲದಲ್ಲಿ ಚಿತ್ರಾನ್ನ. ಐಷಾರಾಮ ಅಂತ ಯಾರೂ ಅನ್ನೋ ಹಾಗಿಲ್ಲ. ಆದರೆ ಮೂರು ಜನ ಹೆಂಗಸರು, ಎರಡು ಹೆಣ್ಣುಮಕ್ಕಳು ಹೋಗಿ ಬರೋ ಖರ್ಚಿನಲ್ಲಿ ಟಿಕೆಟ್ಟಿನ ಸಾಲು ಸೊನ್ನೆ ಆದಾಗ, ಮಿಕ್ಕ ಖರ್ಚು ಸಂಘದ ಉಳಿತಾಯದಲ್ಲೇ ಹೊಂದುತ್ತೆ. ಬರದಲ್ಲೂ ಟೂರು ಸಾಧ್ಯವಾಗಿದ್ದು ದುಡ್ಡು ಹೆಚ್ಚಾಗಿದ್ದಕ್ಕಲ್ಲ, ಖರ್ಚಿನ ಒಂದು ಸಾಲು ಅಳಿಸಿಹೋಗಿದ್ದಕ್ಕೆ.

2025ರ ಜುಲೈ ಹೊತ್ತಿಗೆ ಈ ಯೋಜನೆಯ ಉಚಿತ ಪ್ರಯಾಣಗಳ ಲೆಕ್ಕ 500 ಕೋಟಿ ದಾಟಿತು. ಅದೆಲ್ಲ ಪ್ರವಾಸ ಅಂತ ಹೇಳಿದರೆ ಸುಳ್ಳಾಗುತ್ತೆ. ಗಾರ್ಮೆಂಟ್ಸಿಗೆ ಹೋಗೋರು, ಕಾಲೇಜಿಗೆ ಹೋಗೋರು, ಆಸ್ಪತ್ರೆಗೆ ಹೋಗೋರು ಎಲ್ಲ ಅದರಲ್ಲಿದ್ದಾರೆ. ಟೀಕೆಗಳಲ್ಲೂ ಹುರುಳಿದೆ: ಹಳ್ಳಿ ರೂಟುಗಳಲ್ಲಿ ಬಸ್ಸು ಸಾಲೋದಿಲ್ಲ, ಸಾರಿಗೆ ನಿಗಮಗಳಿಗೆ ಸರ್ಕಾರ ಬಾಕಿ ಉಳಿಸಿಕೊಂಡಿದೆ, 2025ರ ಜನವರಿಯಲ್ಲಿ ಟಿಕೆಟ್ ದರ ಶೇ 15ರಷ್ಟು ಏರಿದಾಗ ಭಾರ ಬಿದ್ದದ್ದು ಗಂಡಸರ ಜೇಬಿಗೆ. ಇದನ್ನೆಲ್ಲ ಕೇಳಬೇಕು, ಜೋರಾಗೇ ಕೇಳಬೇಕು. ಆದರೆ ‘ಕೆಲಸಕ್ಕೆ ಹೋದರೆ ಸರಿ, ಸುತ್ತಾಡೋಕೆ ಹೋದರೆ ದಂಡ’ ಅನ್ನೋ ವಾದ ಮಾತ್ರ ಬೇರೆ ಜಾತಿಯದ್ದು.

ಯಾಕೆ ಬೇರೆ ಅನ್ನೋದಕ್ಕೆ ಒಂದು ಅಂಕಿ ಸಾಕು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡೋರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡ್ತಾರೆ, ಗಂಡಸರು 88 ನಿಮಿಷ. ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳೋದು ಇದರ ಮೇಲೆ ಬೇರೆ. ಇಷ್ಟು ತಿಳಿದ ಮೇಲೆ ಧರ್ಮಸ್ಥಳ, ಶೃಂಗೇರಿ, ಆದಿಚುಂಚನಗಿರಿಗಳಲ್ಲಿ ಊಟದ ಪಂಕ್ತಿಯಲ್ಲಿ ಕೂತ ಹೆಂಗಸಿನ ಮುಖ ಇನ್ನೊಂದು ಸಲ ನೋಡಿ. ಯಾರೋ ಅಟ್ಟು, ಯಾರೋ ಬಡಿಸಿ, ಯಾರೋ ಎಲೆ ತೆಗೆಯೋ ಊಟ. ವರ್ಷದಲ್ಲಿ ಅವಳಿಗೆ ಅಂಥ ಊಟ ಎಷ್ಟು ಸಲ ಸಿಕ್ಕೀತು?

‘ಅದು ದೇವರ ಯಾತ್ರೆ, ಪ್ರವಾಸ ಹೇಗಾಗುತ್ತೆ’ ಅಂತ ನಮ್ಮ ಪ್ರಗತಿಪರ ಗೆಳೆಯರು ಕೇಳಬಹುದು. ‘ಸುಮ್ನೆ ಎರಡು ದಿನ ಸುತ್ತಾಡಿ ಬರ್ತೀನಿ’ ಅಂತ ಹೇಳೋ ಹಕ್ಕು ಹಳ್ಳಿ ಹೆಣ್ಣಿಗೆ ಇನ್ನೂ ಸಿಕ್ಕಿಲ್ಲ. ‘ಹರಕೆ ಇದೆ’ ಅಂದರೆ ಯಾರೂ ತಡೆಯೋದಿಲ್ಲ. ಹರಕೆ ಅನ್ನೋದು ರಜೆಯ ಅರ್ಜಿ. ಕೆ.ಆರ್. ಪೇಟೆ ತಾಲ್ಲೂಕಿನದ್ದೇ ಆದ ಕಲ್ಲಹಳ್ಳಿ ಭೂವರಾಹನಾಥನ ಗುಡಿಗೆ ಮನೆ ಕಟ್ಟೋ ಆಸೆ ಇರೋರು ಇಟ್ಟಿಗೆ, ಮಣ್ಣು ಪೂಜೆ ಮಾಡಿಸೋಕೆ ಬರ್ತಾರೆ. ಪೂಜೆ ಮುಗಿದ ಮೇಲೆ ಹೇಮಾವತಿಯ ದಡದಲ್ಲಿ ಕೂತು ಬುತ್ತಿ ಬಿಚ್ಚಿ ಗಂಟೆಗಟ್ಟಲೆ ಹರಟೆ ಹೊಡೆಯೋದೂ ಅದೇ ಅರ್ಜಿಯಡಿ ಮಂಜೂರಾದದ್ದು. ಆದರೆ ಈ ಅರ್ಜಿ ಎಲ್ಲರಿಗೂ ಒಂದೇ ಥರ ಮಂಜೂರಾಗಲ್ಲ. 2024ರ ನವೆಂಬರಿನಲ್ಲಿ ಮಂಡ್ಯ ತಾಲ್ಲೂಕಿನ ಹನಕೆರೆಯಲ್ಲಿ ದಲಿತರು ಗುಡಿಯೊಳಗೆ ಕಾಲಿಟ್ಟರು ಅಂತ ಸವರ್ಣೀಯರು ಉತ್ಸವಮೂರ್ತಿಯನ್ನೇ ಎತ್ತಿಕೊಂಡು ಹೋದದ್ದನ್ನು ನೋಡಿದ್ದೇವೆ. ಜಾತ್ರೆ ಯಾರಿಗೆ ಬಿಡುವು, ಯಾರಿಗೆ ಅಂಜಿಕೆ ಅನ್ನೋದನ್ನ ಬಿಟ್ಟು ಈ ವಿಷಯ ಮಾತಾಡೋಕಾಗಲ್ಲ.

ದುರ್ಯೋಧನನ ಪಾತ್ರಕ್ಕೆ ಎಷ್ಟು?

ಗಂಡಸರ ಕಡೆಗೂ ಬರೋಣ. ಮಂಡ್ಯ, ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಹವ್ಯಾಸ ಅಂದರೆ ಪೌರಾಣಿಕ ನಾಟಕ, ಅದರಲ್ಲೂ ‘ಕುರುಕ್ಷೇತ್ರ’. ರಾತ್ರಿ ಊಟ ಆದ ಮೇಲೆ ತಾಲೀಮು. ಹಾರ್ಮೋನಿಯಂ ಮಾಸ್ಟ್ರು ಒಂದೊಂದೇ ಕಂದ ತಿದ್ದಿ ಹೇಳಿಕೊಡ್ತಾರೆ. ತಿಂಗಳುಗಟ್ಟಲೆ ನಡೆಯುತ್ತೆ. ಇಲ್ಲಿ ನಟನಿಗೆ ಸಂಬಳ ಇಲ್ಲ, ಪಾತ್ರ ಬೇಕಾದವನೇ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನನಂಥ ದೊಡ್ಡ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಮ್ಮಿ. ಸೀನರಿ, ಡ್ರೆಸ್ಸು, ಲೈಟು ಬಾಡಿಗೆಗೆ. ಸ್ತ್ರೀ ಪಾತ್ರಕ್ಕೆ ಬೇರೆ ಊರಿನಿಂದ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸ್ತಾರೆ. ಬೆಳಗಿನ ಜಾವದವರೆಗೆ ನಾಟಕ, ನಡುವೆ ಹಾರ, ಶಾಲು, ಒನ್ಸ್ ಮೋರ್ ಕೂಗು.

ಇದನ್ನು ಗೇಲಿ ಮಾಡೋ ಉದ್ದೇಶ ನನಗಿಲ್ಲ. ಕಬ್ಬಿನ ಬಿಲ್ಲು ಬರದೆ, ಬ್ಯಾಂಕಿನ ಮುಂದೆ ತಲೆ ತಗ್ಗಿಸಿ ನಿಂತ ರೈತ, ಒಂದು ರಾತ್ರಿ ಗದೆ ಹಿಡಿದು ಸಭೆಯ ನಡುವೆ ಎದೆಯುಬ್ಬಿಸಿ ನಿಲ್ತಾನಲ್ಲ, ಅದನ್ನ ಯಾವ ಕೌನ್ಸೆಲಿಂಗೂ ಕೊಡಲಾರದು. ತಾಲೀಮಿನ ಆ ರಾತ್ರಿಗಳಲ್ಲಿ ಅವನು ಒಬ್ಬನೇ ಕೂತಿರೋದಿಲ್ಲ ಅನ್ನೋದೇ ದೊಡ್ಡ ವಿಷಯ. ರೈತರ ಆತ್ಮಹತ್ಯೆಗಳನ್ನು ಕಂಡ ಜಿಲ್ಲೆಯಲ್ಲಿ ಇದನ್ನು ಹಗುರವಾಗಿ ತಗೊಳ್ಳೋಕಾಗಲ್ಲ. ನನ್ನ ತಕರಾರು ಒಂದೇ. ಪಾತ್ರಕ್ಕೆ ಸಾವಿರಾರು ರೂಪಾಯಿ ಕಟ್ಟಿದವನು ‘ಕಲೆ ಉಳಿಸ್ತಿದಾನೆ’, ಸೊನ್ನೆ ರೂಪಾಯಿ ಟಿಕೆಟ್ಟಿನಲ್ಲಿ ಹೋದ ಅವನ ಹೆಂಡತಿ ‘ದಂಡ ಮಾಡ್ತಿದಾಳೆ’. ತಾಲೀಮಿಗೆ ಟೀ ಕಾಯಿಸಿ ಕಳಿಸಿದ್ದು ಅವಳೇ.

ಈ ಸೀಮೆಯ ರಜೆಗೆ ಇನ್ನೊಂದು ವಿಳಾಸವೂ ಇದೆ, ಮುಂಬೈ. ಕೆ.ಆರ್. ಪೇಟೆ ತಾಲ್ಲೂಕಿನ ಎಷ್ಟೋ ಮನೆಯವರು ಅಲ್ಲಿ ದುಡಿಯೋಕೆ ಹೋಗಿದ್ದಾರೆ. ಅವರಿಗೆ ರಜೆ ಅಂದ್ರೆ ಊರು. ಹಬ್ಬಕ್ಕೆ ಬಂದು, ಹೊಸತೊಡಕಿನ ಬಾಡೂಟ ಉಂಡು, ವಾಪಸ್ ಹೋಗೋರು. 2020ರ ಮೇ ತಿಂಗಳಲ್ಲಿ ಅವರೇ ಲಾಕ್‌ಡೌನಿಗೆ ಸಿಕ್ಕಿ ಬಂದಾಗ ಕ್ವಾರಂಟೈನಿನಲ್ಲಿ ಇಡಬೇಕಾಯ್ತು, ತಾಲ್ಲೂಕು ದಿನಾ ಕೊರೊನಾ ಸುದ್ದಿಯಲ್ಲಿತ್ತು. ಹಬ್ಬಕ್ಕೆ ದಾರಿ ಕಾಯ್ತಿದ್ದ ಊರೇ ಅವರನ್ನು ಕಂಡು ಬಾಗಿಲು ಹಾಕಿಕೊಳ್ತು. ಅದು ಇನ್ನೊಂದು ಕಷ್ಟದ ವರ್ಷ, ಅದರ ಗಾಯ ಮಾಯೋಕೆ ಎಷ್ಟು ಯುಗಾದಿ ಬೇಕಾದವೋ.

ಇನ್ನು ಕಾನೂನು. ಬಿಡುವು ಅನ್ನೋದು ಸರ್ಕಾರದ ದಾನ ಅಂತ ನಾವು ತಿಳಿದಿದ್ದೀವಿ. ಸಂವಿಧಾನದ 43ನೇ ವಿಧಿ ತೆಗೆದು ನೋಡಿ. ಕೃಷಿ, ಕೈಗಾರಿಕೆ ಅಥವಾ ಬೇರೆ ಯಾವುದೇ ಕೆಲಸ ಮಾಡೋ ಎಲ್ಲ ದುಡಿಯುವವರಿಗೆ ಬದುಕಿಗೆ ಸಾಲುವ ಕೂಲಿ, ಘನತೆಯ ಜೀವನದ ಜೊತೆಗೆ ಬಿಡುವನ್ನು ಪೂರ್ಣವಾಗಿ ಅನುಭವಿಸುವ ಅವಕಾಶ ಸಿಗುವಂತೆ ರಾಜ್ಯ ಯತ್ನಿಸಬೇಕು ಅನ್ನುತ್ತೆ ಅದು. ಪಟ್ಟಿಯಲ್ಲಿ ಮೊದಲು ಬರೋದೇ ಕೃಷಿ. ನಿರ್ದೇಶಕ ತತ್ವ ಆದ್ದರಿಂದ ಕೋರ್ಟಿಗೆ ಹೋಗಿ ಕೇಳೋಕಾಗಲ್ಲ, ಅದು ಬೇರೆ ಮಾತು. ಬಿಡುವಿಲ್ಲದೆ ಸಂಸ್ಕೃತಿ ಇಲ್ಲ, ಬಿಡುವನ್ನು ಕೆಲವರಿಗಷ್ಟೇ ಮೀಸಲಿಡೋ ಸಮಾಜ ಪ್ರಜಾಪ್ರಭುತ್ವವೇ ಅಲ್ಲ ಅನ್ನೋ ಅರ್ಥದ ವಾದವನ್ನು ಅಂಬೇಡ್ಕರ್ 1945ರಲ್ಲೇ, ಗಾಂಧಿವಾದವನ್ನು ಟೀಕಿಸುತ್ತ ಮುಂದಿಟ್ಟಿದ್ದರು.

1948ರ ಕಾರ್ಖಾನೆ ಕಾಯ್ದೆ ಪ್ರಕಾರ ವರ್ಷದಲ್ಲಿ 240 ದಿನ ದುಡಿದ ಕಾರ್ಮಿಕನಿಗೆ ಪ್ರತಿ 20 ದಿನದ ದುಡಿಮೆಗೆ ಒಂದು ದಿನದ ಸಂಬಳ ಸಹಿತ ರಜೆ ಬಂತು. ಹೊಲದಲ್ಲಿ ಕಳೆ ಕೀಳೋಳಿಗೆ ಆ ಕಾಯ್ದೆ ಇಲ್ಲ. ಈಗ ನೋಡಿದರೆ ಕಾಯ್ದೆ ಇರೋರ ಬಿಡುವಿಗೂ ಕತ್ತರಿ ಬೀಳ್ತಿದೆ: 2023ರಲ್ಲಿ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ ದುಡಿಸೋಕೆ ಅವಕಾಶ ಕೊಡೋ ತಿದ್ದುಪಡಿ ಬಂತು. 2025ರಲ್ಲಿ ಐಟಿ ಸೇರಿದಂತೆ ಅಂಗಡಿ, ವಾಣಿಜ್ಯ ಸಂಸ್ಥೆಗಳಿಗೂ ಅಂಥದ್ದೇ ಪ್ರಸ್ತಾಪ ಬಂದು ನೌಕರರ ಸಂಘಟನೆಗಳು ಬೀದಿಗಿಳಿದವು. ಬೆಂಗಳೂರಿನ ಟೆಕ್ಕಿಗೂ ಕಿಕ್ಕೇರಿಯ ಹಾಲು ಕರೆಯೋಳಿಗೂ ಇರೋ ನಂಟು ಇಲ್ಲಿದೆ, ಇಬ್ಬರಿಗೂ ಅದು ಗೊತ್ತಿಲ್ಲ ಅಷ್ಟೇ.

ಕಿಕ್ಕೇರಿಯಲ್ಲೇ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ ‘ಮೈಸೂರು ಮಲ್ಲಿಗೆ’ ಪ್ರಕಟಿಸಿದ್ದು 1942ರಲ್ಲಿ. ಹೊರಗೆ ಮಹಾಯುದ್ಧ, ಕ್ವಿಟ್ ಇಂಡಿಯಾ. ಒಳಗೆ ತವರು, ಅತ್ತೆಮನೆ, ಗಂಡ ಹೆಂಡಿರ ಮುನಿಸು. ಆ ಹೊತ್ತಲ್ಲಿ ಇಂಥ ಪದ್ಯ ಬೇಕಿತ್ತಾ ಅಂತ ಕೇಳಬಹುದು. ಜನ ಮಾತ್ರ ಆ ಪುಸ್ತಕ ಕೈಬಿಡಲಿಲ್ಲ.

2024ರ ಜುಲೈ ಕೊನೆಗೆ ಕೆಆರ್‌ಎಸ್ 124.80 ಅಡಿ ಮುಟ್ಟಿತು. ಬರದ ಮಾರನೇ ವರ್ಷ ಈ ಕಡೆಯ ಜನ ಮಾಡೋ ಮೊದಲ ಟೂರು ನೀರು ನೋಡೋಕೆ ಹೋಗೋದು. ಕನ್ನಂಬಾಡಿ ದೂರ ಆದವರು ಹೇಮಗಿರಿಗೆ ಹೋಗ್ತಾರೆ. ಅಣೆ ಮೇಲಿಂದ ಹೇಮಾವತಿ ಕೆಂಪಗೆ ಧುಮುಕೋದನ್ನ ಮಕ್ಕಳಿಗೆ ತೋರಿಸಿ, ಒಂದಿಷ್ಟು ಫೋಟೊ ತೆಗೆದು, ಕಡ್ಲೆಪುರಿ ತಿಂದು, ನಾಲ್ಕೂವರೆ ಬಸ್ಸಿಗೆ ಓಡ್ತಾರೆ. ಸಂಜೆ ಹಾಲು ಕರೆಯೋ ಹೊತ್ತಾಗಿರುತ್ತೆ.