ಸಂವಿಧಾನ ಸಭೆಯಲ್ಲಿದ್ದ ಪಾದ್ರಿ ಜೆರೋಮ್ ಡಿಸೋಜ

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರ ಪಾಲಿಗೆ ಜಾಂಬೋಟಿ ಎಂದರೆ ಚಹಾಕ್ಕೆ ಗಾಡಿ ನಿಲ್ಲಿಸುವ ಊರು. ಅಲ್ಲಿಂದ ಮುಂದೆ ಮಲಪ್ರಭೆ ಹುಟ್ಟುವ ಕಣಕುಂಬಿ, ಆಮೇಲೆ ಬರೀ ಕಾಡು. ಖಾನಾಪುರ ತಾಲ್ಲೂಕಿನ ಈ ಸೀಮೆಯ ಕ್ರೈಸ್ತ ಮನೆಗಳಲ್ಲಿ ಅಡುಗೆಮನೆಯ ಮಾತು ಕೊಂಕಣಿ, ಸಂತೆಯ ಮಾತು ಮರಾಠಿ, ಕಚೇರಿಯ ಅರ್ಜಿ ಕನ್ನಡದಲ್ಲಿ. ಧರ್ಮದಿಂದಲೂ ಅಲ್ಪಸಂಖ್ಯಾತರು, ಭಾಷೆಯಿಂದಲೂ ಅಲ್ಪಸಂಖ್ಯಾತರು. ಇಂಥ ಜನ ತಮ್ಮದೇ ಶಾಲೆ ಕಟ್ಟಿ ನಡೆಸಬಹುದು ಎಂದು ಹೇಳುವುದು ಸಂವಿಧಾನದ 30ನೇ ವಿಧಿ. ಆ ಸಂವಿಧಾನ ರಚಿಸಿದವರ ಸಾಲಿನಲ್ಲಿ ಮಂಗಳೂರಿನ ಒಬ್ಬ ಪಾದ್ರಿಯೂ ಕೂತಿದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರೇ ಫಾದರ್ ಜೆರೋಮ್ ಡಿಸೋಜ.

ಹುಟ್ಟಿದ್ದು 1897ರ ಆಗಸ್ಟ್ 6ರಂದು ಮಂಗಳೂರಿನಲ್ಲಿ. ಮೊದಲ ಓದು ಅಲ್ಲಿನ ಸೇಂಟ್ ಅಲೋಶಿಯಸ್‌ನಲ್ಲಿ, ಮುಂದಿನದು ತಿರುಚಿರಾಪಳ್ಳಿ ಮತ್ತು ಮದ್ರಾಸಿನಲ್ಲಿ. ಯೇಸುಸಭೆ ಸೇರಿ ಯುರೋಪಿನಲ್ಲಿ ದೇವಶಾಸ್ತ್ರ ಓದಿ ಬಂದ ಮೇಲೆ ಅವರ ಕೈಗೆ ಬಂದದ್ದು ಕಾಲೇಜಿನ ಆಡಳಿತ. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನ ರೆಕ್ಟರ್, 1942ರಿಂದ 1950ರವರೆಗೆ ಮದ್ರಾಸಿನ ಲೊಯೋಲಾ ಕಾಲೇಜಿನ ಪ್ರಾಂಶುಪಾಲ. ಸ್ವಾತಂತ್ರ್ಯ ಬರುವ ಮುಂಚಿನ ಕುದಿಯುವ ದಿನಗಳಲ್ಲಿ ಸಾವಿರಾರು ತರುಣರ ನಡುವೆ ಬದುಕಿದ ಮನುಷ್ಯ. ಸಾರ್ವಜನಿಕ ಜೀವನ ಅವರಿಗೆ ಒದಗಿದ್ದು ಈ ತರಗತಿಗಳ ದಾರಿಯಿಂದಲೇ ಎಂದು ನನಗೆ ಅನ್ನಿಸುತ್ತದೆ.

ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿ. ಡಿಸೋಜ ಅವರು ಸಂವಿಧಾನ ಸಭೆಗೆ ಹೋದದ್ದು ಮದ್ರಾಸಿನಿಂದ, ಸಾಮಾನ್ಯ ಸ್ಥಾನದಲ್ಲಿ. ಸಭೆಗೆ ನಡೆದ ಚುನಾವಣೆಯಲ್ಲಿ ಸಾಮಾನ್ಯ, ಮುಸ್ಲಿಂ, ಸಿಖ್ ಎಂಬ ಮೂರೇ ವರ್ಗಗಳಿದ್ದವು. ಕ್ರೈಸ್ತರಿಗೆಂದು ಬೇರೆ ವರ್ಗ ಇರಲಿಲ್ಲ. ಅಂದರೆ ಪಾದ್ರಿಯೊಬ್ಬರು ದಿಲ್ಲಿಯಲ್ಲಿ ಕೂತದ್ದು ಎಲ್ಲರ ಪ್ರತಿನಿಧಿಯಾಗಿ. ಇದನ್ನು ನಾನು ಸಣ್ಣ ಸಂಗತಿ ಎಂದುಕೊಂಡಿಲ್ಲ.

ಏಕೆಂದರೆ ಮುಂದೆ ಬಂದ ದೊಡ್ಡ ಪ್ರಶ್ನೆಯೇ ಅದು: ಧರ್ಮದ ಹೆಸರಿನಲ್ಲಿ ಶಾಸನಸಭೆಗಳಲ್ಲಿ ಸೀಟು ಕಾದಿರಿಸಬೇಕೆ? 1949ರ ಮೇ ತಿಂಗಳಲ್ಲಿ ಬಂಗಾಳದ ಕ್ರೈಸ್ತ ನಾಯಕ ಎಚ್.ಸಿ. ಮುಖರ್ಜಿ ಅವರು ಸಲಹಾ ಸಮಿತಿಯಲ್ಲಿ ಆ ಮೀಸಲಾತಿ ಬೇಡ ಎಂಬ ಠರಾವು ಮಂಡಿಸಿದರು. ಸರ್ದಾರ್ ಪಟೇಲರು ಅದನ್ನು ಸಭೆಯ ಮುಂದಿಟ್ಟರು. ಜೆರೋಮ್ ಡಿಸೋಜ ಬೆಂಬಲಿಸಿದರು. ದೇಶ ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದಾಗ, ಕೈಯಲ್ಲಿದ್ದ ರಾಜಕೀಯ ರಕ್ಷಣೆಯನ್ನು ತಾನಾಗಿ ಬಿಟ್ಟುಕೊಡುವುದಕ್ಕೆ ನೆರೆಯವರ ಮೇಲೆ ಗಟ್ಟಿ ನಂಬಿಕೆ ಬೇಕು. ಆದರೆ ಅದು ಬರಿಗೈಯ ನಂಬಿಕೆಯಲ್ಲ. ಮನಸ್ಸಾಕ್ಷಿಯ ಸ್ವಾತಂತ್ರ್ಯ ಮತ್ತು ಶಾಲೆ ನಡೆಸುವ ಹಕ್ಕು ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿ ಅಷ್ಟರಲ್ಲಾಗಲೇ ಸ್ಥಾನ ಪಡೆದಿದ್ದವು. ಕುರ್ಚಿ ಬಿಟ್ಟು ಶಾಲೆ ಉಳಿಸಿಕೊಂಡ ಆ ಆಯ್ಕೆ ಸರಿಯಾಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಹಕ್ಕು ದಿನಬಳಕೆಯಲ್ಲಿ ಹೇಗಿರುತ್ತದೆ? ಅನುದಾನಿತ ಅಲ್ಪಸಂಖ್ಯಾತ ಶಾಲೆಯೊಂದನ್ನು ನೋಡಿ. ಮಾಸ್ತರರ ಪಗಾರ ಸರ್ಕಾರದ್ದು, ಪಠ್ಯಪುಸ್ತಕ ಸರ್ಕಾರದ್ದು, ಪರೀಕ್ಷೆ ಸರ್ಕಾರದ್ದು. ಮುಖ್ಯೋಪಾಧ್ಯಾಯರು ಯಾರಾಗಬೇಕು ಎಂಬ ಮಾತು ಮಾತ್ರ ಆಡಳಿತ ಮಂಡಳಿಯದು. ಅಲ್ಪಸಂಖ್ಯಾತರ ಸಂಸ್ಥೆ ಎಂಬ ಕಾರಣಕ್ಕೆ ಅನುದಾನದಲ್ಲಿ ಭೇದ ಮಾಡುವಂತಿಲ್ಲ ಎಂದೂ 30ನೇ ವಿಧಿಯೇ ಹೇಳುತ್ತದೆ. ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಈ ಹಕ್ಕನ್ನು ಎತ್ತಿಹಿಡಿಯಿತು. ಬೆಳಗಾವಿಯಲ್ಲಿ 1856ರಿಂದ ಇರುವ ಯೇಸುಸಭೆಯ ಸೇಂಟ್ ಪಾಲ್ಸ್ ಹೈಸ್ಕೂಲಿಗೆ ಸಿಗುವ ರಕ್ಷಣೆಯೇ ಗಡಿಯ ಹಳ್ಳಿಯ ಚಿಕ್ಕ ಶಾಲೆಗೂ ಸಿಗುತ್ತದೆ. ಬೆಳಗಾವಿಯ ಮರಾಠಿಗರಿಗೆ, ಹಾಗೆಯೇ ಕಾಸರಗೋಡಿನ ಕನ್ನಡಿಗರಿಗೆ, ಇದು ಅಷ್ಟೇ ಅನ್ವಯ. ಗಡಿಯ ಆಚೆ ನಮ್ಮವರಿಗಾಗಿ ಕೇಳುವ ಹಕ್ಕನ್ನು ಈಚೆ ಇನ್ನೊಬ್ಬರಿಗೂ ಕೊಡಬೇಕಾಗುತ್ತದೆ.

1949, 1951-52, 1955 ಮತ್ತು 1957ರಲ್ಲಿ ಡಿಸೋಜ ಅವರು ವಿಶ್ವಸಂಸ್ಥೆಗೆ ಹೋದ ಭಾರತೀಯ ನಿಯೋಗಗಳಲ್ಲಿದ್ದರು. ಮೊದಲ ಸಲ ಹೋದಾಗ ಅಲ್ಲಿ ಭಾರತದ ಕಾಯಂ ಪ್ರತಿನಿಧಿ ಬೆನಗಲ್ ನರಸಿಂಗ ರಾವ್, ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು, ಅದೇ ಕರಾವಳಿಯವರು. 1951ರಲ್ಲಿ ಡಿಸೋಜ ಪುಣೆಯಲ್ಲಿ ಒಂದು ಸಾಮಾಜಿಕ ಅಧ್ಯಯನ ಸಂಸ್ಥೆ ಕಟ್ಟಿದರು. ದಿಲ್ಲಿಯ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ ಬೆಳೆದದ್ದು ಅದರಿಂದಲೇ. 1957ರಿಂದ ರೋಮಿನಲ್ಲಿ ಯೇಸುಸಭೆಯ ಮಹಾಪ್ರಧಾನರ ಸಲಹೆಗಾರರಾಗಿದ್ದರು.

ಇತ್ತ ಬೆಳಗಾವಿ ಸೀಮೆಯೂ ಬದಲಾಗುತ್ತಿತ್ತು. 1953ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಧರ್ಮಪ್ರಾಂತ ಸ್ಥಾಪನೆಯಾಗಿ, ಪೋರ್ಚುಗೀಸರ ವಶದಲ್ಲಿದ್ದ ಗೋವಾದ ಮಹಾಧರ್ಮಪ್ರಾಂತಕ್ಕೆ ಸೇರಿದ್ದ ಭಾರತದ ಪ್ರದೇಶಗಳು ಇದರ ಆಡಳಿತಕ್ಕೆ ಬಂದವು. 1956ರ ನವೆಂಬರ್ 1ರಂದು ಮಂಗಳೂರು, ಬೆಳಗಾವಿ ಎರಡೂ ಒಂದೇ ರಾಜ್ಯವಾದವು. 1961ರ ಡಿಸೆಂಬರಿನಲ್ಲಿ ಬೆಳಗಾವಿಯಿಂದ ಹೊರಟ ಸೇನೆ ಗೋವಾವನ್ನು ಬಿಡಿಸಿತು.

ಡಿಸೋಜ ಅವರು 1977ರ ಆಗಸ್ಟ್ 12ರಂದು ತೀರಿಕೊಂಡರು. ಜನ್ಮಶತಾಬ್ದಿಯ ವರ್ಷ ಅಂಚೆ ಇಲಾಖೆ ಅವರ ಚಿತ್ರದ ಚೀಟಿ ಹೊರತಂದಿತು. ಅದಕ್ಕಿಂತ ಮುಖ್ಯವಾದದ್ದು ಸಂವಿಧಾನ ಸಭೆಯ ನಡಾವಳಿಗಳಲ್ಲಿರುವ ಅವರ ಭಾಷಣಗಳು. ಅವು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಖಾನಾಪುರ ಸೀಮೆಯ ಹೈಸ್ಕೂಲು ಮಾಸ್ತರರಲ್ಲಿ ನನ್ನ ಕೋರಿಕೆ ಇಷ್ಟೇ: 1949ರ ಮೇ ತಿಂಗಳ ಆ ಚರ್ಚೆಯನ್ನು ಹತ್ತನೆಯ ತರಗತಿಯ ಮಕ್ಕಳ ಮುಂದೆ ಕನ್ನಡದಲ್ಲಿ, ಬೇಕಾದರೆ ಮರಾಠಿಯಲ್ಲೂ, ಒಮ್ಮೆ ಓದಿ ಹೇಳಿ.