ತಿಥಿ ಅಡುಗೆಗೆ ಸಲ್ಲದ ಗಡ್ಡೆ

ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಆಲೂಗಡ್ಡೆಗೆ ಊರಿನ ಹೆಸರಿದೆ, ತಳಿಯ ಹೆಸರಿಲ್ಲ. ಆಗ್ರಾ, ಹಾಸನ, ಲೋಕಲ್ ಎಂದು ಮಂಡಿಯವರು ಮೂಟೆ ಬೇರ್ಪಡಿಸುತ್ತಾರೆ. ಲೋಕಲ್ ಅಂದರೆ ಚಿಕ್ಕಬಳ್ಳಾಪುರ, ಕೋಲಾರದ ಕಡೆಯದು. ವ್ಯಾಪಾರದ ಒಂದು ಪಾಲು ಈಚೆಗೆ ದಾಸನಪುರಕ್ಕೆ ಹೋಗಿದ್ದರೂ ಲೆಕ್ಕ ಇದೇ. ಅಲ್ಲಿಂದ ಗೂಡ್ಸ್ ಆಟೊ ಏರಿದ ಮೂಟೆಗಳು ರಾಜಾಜಿನಗರದ ದರ್ಶಿನಿಗಳಲ್ಲಿ ಪಲ್ಯವಾಗುತ್ತವೆ, ಬಸವೇಶ್ವರನಗರದ ಹಾಟ್ ಚಿಪ್ಸ್ ಅಂಗಡಿಗಳ ಬಾಣಲೆಗೆ ಬೀಳುತ್ತವೆ, ಕೆಂಗೇರಿಯ ತಳ್ಳುಗಾಡಿಗಳಲ್ಲಿ ಈರುಳ್ಳಿಯ ಪಕ್ಕ ಕೂರುತ್ತವೆ. ಕೊಳ್ಳುವವರು ಕೇಳುವುದು ಎರಡೇ: ಕೆಜಿ ಎಷ್ಟು, ಚೆನ್ನಾಗಿ ಬೇಯುತ್ತಾ?

ಪೆರು ದೇಶದ ಕುಸ್ಕೋ ಹತ್ತಿರದ ಪಿಸಾಕ್ ಬೆಟ್ಟಗಳಲ್ಲಿ ಇಷ್ಟಕ್ಕೆ ಮುಗಿಯುವುದಿಲ್ಲ. ಕುಸ್ಕೋ ಇಂಕಾ ದೊರೆಗಳ ರಾಜಧಾನಿಯಾಗಿದ್ದ ಊರು, ಸಮುದ್ರ ಮಟ್ಟದಿಂದ ಸುಮಾರು 3,400 ಮೀಟರ್ ಎತ್ತರ. ನಮ್ಮ ನಂದಿ ಬೆಟ್ಟದ ಎರಡು ಪಟ್ಟಿಗೂ ಮಿಗಿಲು. ಪಿಸಾಕ್‌ನಲ್ಲಿ ಕೆಚುವಾ ಮಾತಾಡುವ ಹಳ್ಳಿಗಳು ಒಟ್ಟು ಸೇರಿ 'ಆಲೂಗಡ್ಡೆ ಉದ್ಯಾನ' ಎಂಬ ಹೆಸರಿನಲ್ಲಿ ಸಾವಿರಕ್ಕೂ ಹೆಚ್ಚು ತಳಿಗಳನ್ನು ಹೊಲದಲ್ಲೇ ಉಳಿಸಿಕೊಂಡಿವೆ. ನೇರಳೆ, ಕೆಂಪು, ಕಪ್ಪು, ಒಳಗೆ ಹಳದಿ ಉಂಗುರವಿರುವವು, ಬೆರಳುದ್ದದವು. ಒಂದಕ್ಕಂತೂ ಮೈತುಂಬ ಗಂಟು. ಅದರ ಹೆಸರಿನ ಅರ್ಥ 'ಸೊಸೆಯನ್ನು ಅಳಿಸುವ ಗಡ್ಡೆ'. ಮನೆಗೆ ಬರುವ ಹುಡುಗಿಯ ಕೈಗೆ ಅದನ್ನು ಕೊಟ್ಟು, ತಿರುಳು ಹಾಳಾಗದಂತೆ ಸಿಪ್ಪೆ ಸುಲಿಯುತ್ತಾಳೋ ನೋಡುತ್ತಿದ್ದರಂತೆ. ಅತ್ತೆಯರ ವಿಷಯದಲ್ಲಿ ಆಂಡೀಸ್‌ಗೂ ಅರಸೀಕೆರೆಗೂ ಹೆಚ್ಚು ದೂರವಿಲ್ಲ.

ಆ ನಾಡಿಗೆ ಹೋಗುವ ಪ್ರವಾಸಿಗರು ಮಾಚು ಪಿಚು ನೋಡಿ, ಫೋಟೊ ತೆಗೆಸಿಕೊಂಡು ಬರುತ್ತಾರೆ. ಆ ಕಲ್ಲುಗೋಡೆಗಳು ಬೆರಗು ಹುಟ್ಟಿಸುವುದು ನಿಜ. ಆದರೆ ಹಂಪಿ ನೋಡಿದ ಕಣ್ಣಿಗೆ ಕಲ್ಲಿನ ಕೆಲಸ ತೀರಾ ಹೊಸದಲ್ಲ. ಇಂಕಾ ಜನರಿಂದ ನಮ್ಮ ಮನೆಯೊಳಕ್ಕೆ ನಿಜವಾಗಿ ಬಂದಿರುವುದು ಅವರ ಊಟ.

ಪಶ್ಚಿಮ ಬೆಂಗಳೂರಿನ ಬಡಾವಣೆಗಳಿಗೆ ಹೆಸರಿಟ್ಟವರಿಗೆ ಹಂಪಿಯ ಮೋಹ ಜೋರಾಗಿಯೇ ಇತ್ತು. ವಿಜಯನಗರ, ಅದರೊಳಗೊಂದು ಹಂಪಿನಗರ; ಮೊನ್ನೆ ಮೊನ್ನೆ ವಿಜಯನಗರದಲ್ಲಿ ತೆರೆದ ನೆಲದಡಿಯ ಮಾರುಕಟ್ಟೆಗೂ ಕೃಷ್ಣದೇವರಾಯನ ಹೆಸರು. ರಾಯ ಆಳಿದ್ದು 1509ರಿಂದ 1529ರವರೆಗೆ. ಅದೇ ಕಾಲಕ್ಕೆ ಭೂಮಿಯ ಆಚೆ ಬದಿಯಲ್ಲಿ ಇಂಕಾ ದೊರೆ ವೈನಾ ಕಪಾಕ್ ಆಳುತ್ತಿದ್ದ. 1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅಲ್ಲಿನ ಪೇಟೆ, ತೋಟಗಳನ್ನು ಕಣ್ತುಂಬ ನೋಡಿ ಬರೆದಿದ್ದಾನೆ. ನಿಂಬೆ, ಕಿತ್ತಳೆ, ದ್ರಾಕ್ಷಿ, ದಾಳಿಂಬೆ, ಬದನೆ ಎಲ್ಲ ಅವನ ಬರಹದಲ್ಲಿವೆ. ಬದನೆಯ ನಂಟನಾದ ಆಲೂಗಡ್ಡೆ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಆಗಿನ್ನೂ ಯೂರೋಪಿನವರೇ ಅದನ್ನು ಕಂಡಿರಲಿಲ್ಲ. 1532ರ ನವೆಂಬರ್ 16ರಂದು ಕಹಮಾರ್ಕದಲ್ಲಿ ಫ್ರಾನ್ಸಿಸ್ಕೊ ಪಿಜಾರೊ ಇಂಕಾ ದೊರೆ ಅತಹುವಾಲ್ಪನನ್ನು ಸೆರೆಹಿಡಿದಾಗ ಹಂಪಿಯಲ್ಲಿ ಅಚ್ಯುತರಾಯನ ಆಳ್ವಿಕೆ. ಸ್ಪೇನಿನವರು ಹುಡುಕಿ ಹೋಗಿದ್ದು ಚಿನ್ನ, ಬೆಳ್ಳಿ. ಗಡ್ಡೆಯನ್ನು ಅವರು ಆಳುಕಾಳುಗಳ ಕೂಳು ಎಂದು ಕಡೆಗಣಿಸಿದರು.

ಆ ಕೂಳಿನ ಹಿಂದೆ ಸಾವಿರಾರು ವರ್ಷಗಳ ಬೇಸಾಯವಿತ್ತು. ಟಿಟಿಕಾಕಾ ಸರೋವರದ ಆಸುಪಾಸು, ದಕ್ಷಿಣ ಪೆರುವಿನ ಎತ್ತರದಲ್ಲಿ ಕಾಡು ಆಲೂಗಡ್ಡೆಯನ್ನು ಪಳಗಿಸಿದ್ದು ಇಂಕಾ ದೊರೆತನಕ್ಕಿಂತ ಎಷ್ಟೋ ಹಿಂದೆ, ಸುಮಾರು 8,000 ವರ್ಷಗಳಾಚೆ. ಕಾಡುಗಡ್ಡೆ ಕಹಿ, ವಿಷ. ಕಹಿ ತಳಿಗಳನ್ನು ತಿನ್ನಲು ಅಲ್ಲಿನವರು ಕಂಡುಕೊಂಡ ಉಪಾಯದ ಹೆಸರು ಚುನ್ಯೋ. ಮಂಜು ಸುರಿಯುವ ರಾತ್ರಿ ಗಡ್ಡೆಗಳನ್ನು ಬಯಲಿನಲ್ಲಿ ಹರಡುತ್ತಾರೆ, ಅವು ಹೆಪ್ಪುಗಟ್ಟುತ್ತವೆ. ಹಗಲು ಬಿಸಿಲಿಗೆ ಕರಗಿದಾಗ ಬರಿಗಾಲಲ್ಲಿ ತುಳಿದು ನೀರು ಹಿಂಡುತ್ತಾರೆ. ಹೀಗೆ ಕೆಲವು ದಿನ ಮಾಡಿ ಒಣಗಿಸಿದರೆ ಹಪ್ಪಳದಷ್ಟೇ ಹಗುರಾದ ಗಡ್ಡೆ ವರ್ಷಗಟ್ಟಲೆ ಕೆಡುವುದಿಲ್ಲ. ಬೆಟ್ಟದ ಸಾಲುಗಳಲ್ಲಿ ಕಟ್ಟಿದ ಕಲ್ಲಿನ ಉಗ್ರಾಣಗಳಲ್ಲಿ ಇದನ್ನೂ ಮುಸುಕಿನ ಜೋಳವನ್ನೂ ತುಂಬಿಡುತ್ತಿದ್ದರು. ಚಕ್ರದ ಗಾಡಿಯಿಲ್ಲದೆ, ಕುದುರೆಯಿಲ್ಲದೆ, ಲಾಮಾಗಳ ಬೆನ್ನ ಮೇಲೆ ಹೊರಿಸಿ ಸಾವಿರಾರು ಕಿಲೋಮೀಟರ್ ಉದ್ದದ ರಾಜ್ಯ ನಡೆಸಿದ್ದು ಈ ಉಗ್ರಾಣಗಳ ಬಲದಿಂದ. ಸೈನ್ಯ ಹೊಟ್ಟೆಯ ಮೇಲೆ ನಡೆಯುತ್ತದೆ ಅನ್ನುವುದಾದರೆ, ಇಂಕಾ ಸೈನ್ಯ ನಡೆದಿದ್ದು ಒಣ ಆಲೂಗಡ್ಡೆಯ ಮೇಲೆ.

ಯೂರೋಪಿಗೆ ಅದು ಸದ್ದಿಲ್ಲದೆ ನುಗ್ಗಿತು. 1567ರಲ್ಲಿ ಕ್ಯಾನರಿ ದ್ವೀಪಗಳಿಂದ ಆಂಟ್ವರ್ಪ್‌ಗೆ ಹೋದ ಸರಕಿನ ಪಟ್ಟಿಯಲ್ಲಿ ಆಲೂಗಡ್ಡೆ ಇದೆ. 1573ರಲ್ಲಿ ಸೆವಿಲ್‌ನ ಆಸ್ಪತ್ರೆಯೊಂದರ ಖರೀದಿ ಲೆಕ್ಕದಲ್ಲಿದೆ. ಅಲ್ಲಿಂದ ಭಾರತಕ್ಕೆ ಬಂದ ಹಾದಿ ಒಂದೇ ಅಲ್ಲ. ಪೋರ್ಚುಗೀಸರ ಹಡಗುಗಳ ಗುರುತು ಕರಾವಳಿ ಮತ್ತು ಉತ್ತರ ಕರ್ನಾಟಕದವರ ಬಾಯಲ್ಲಿ ಇವತ್ತಿಗೂ ಬಟಾಟೆ, ಬಟಾಟಿ ಎಂದು ಉಳಿದಿದೆ. ಹಳೆ ಮೈಸೂರಿನ ಉರುಳಗಡ್ಡೆ ಬಂದಿದ್ದು ಬ್ರಿಟಿಷರ ಬೆನ್ನಿಗೆ. 1809ರ ಹೊತ್ತಿಗೆ ಬೆಂಗಳೂರಿನಲ್ಲಿ ದಂಡು ನೆಲೆಯೂರಿತು. ಸಿಪಾಯಿಗಳಿಗೂ ದೊರೆಗಳಿಗೂ ಬೇಕಾದ ತರಕಾರಿ ಸುತ್ತಲ ತೋಟಗಳಲ್ಲಿ ಬೆಳೆಯತೊಡಗಿತು. ದಕ್ಷಿಣಕ್ಕೆ ನೀಲಗಿರಿಯಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1820ರ ದಶಕದಲ್ಲಿ ಆಲೂಗಡ್ಡೆ ಹಾಕಿಸಿದ. ಅಲ್ಲಿ ಅದನ್ನು ಕೈಗೆತ್ತಿಕೊಂಡವರು ಬಡಗರು, ನಮ್ಮ ಮಾತಿಗೆ ಬಲು ಹತ್ತಿರದ ಮಾತಾಡುವ ಜನ. ಬೆಟ್ಟದ ತಂಪು ಗಡ್ಡೆಗೆ ಒಗ್ಗಿತು.

ತಂಪಿಗೆ ಕಾರಣವಿದೆ. ಆಲೂಗಡ್ಡೆ ಎಲೆ ಬಿಡುವುದು ಎಲ್ಲಿ ಬೇಕಾದರೂ. ಆದರೆ ರಾತ್ರಿಯ ಉಷ್ಣಾಂಶ 20 ಡಿಗ್ರಿ ದಾಟಿದರೆ ಗಡ್ಡೆ ಕಟ್ಟಲು ಹಿಂಜರಿಯುತ್ತದೆ. ಉತ್ತರ ಭಾರತದ ಬಯಲಿನಲ್ಲಿ ಅದು ಚಳಿಗಾಲದ ಬೆಳೆಯಾಗಿದ್ದು ಇದಕ್ಕೇ. ದಕ್ಷಿಣದಲ್ಲಿ ಮಳೆಗಾಲದಲ್ಲೇ ರಾತ್ರಿ ತಂಪಿರುವ ಎತ್ತರದ ನೆಲ ಬೇಕು. 900 ಮೀಟರ್‌ಗಿಂತ ಎತ್ತರದ ಹಾಸನದ ಬಯಲು, ಅದರ ಕೆಂಪು ಮಣ್ಣು, ಮೇ ತಿಂಗಳ ಮೊದಲ ಮಳೆ, ಇವು ಮೂರೂ ಕೂಡಿದ್ದರಿಂದ ಹಾಸನ ಆಲೂಗಡ್ಡೆಯ ಜಿಲ್ಲೆಯಾಯಿತು.

ಗದ್ದೆ ಹೊಲಗಳಿಗೆ ಬಂದಷ್ಟು ಬೇಗ ಅದು ಅಡುಗೆಮನೆಗೆ ಬರಲಿಲ್ಲ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ರುಚಿಸುವ ಭಾಗ ಇದು. ರಾಜಾಜಿನಗರ, ವಿಜಯನಗರದ ಹಳೆಯ ಮನೆಗಳಲ್ಲಿ ಅಜ್ಜಿಯರು ಕೋಸು, ಕ್ಯಾರೆಟ್, ಬೀನ್ಸ್, ಆಲೂಗಡ್ಡೆಯನ್ನೆಲ್ಲ ಸೇರಿಸಿ 'ಇಂಗ್ಲಿಷ್ ತರಕಾರಿ' ಎನ್ನುತ್ತಿದ್ದರು. ನಿತ್ಯದ ಅಡುಗೆಗೆ ಆಯಿತು, ಆದರೆ ಬಹಳಷ್ಟು ಬ್ರಾಹ್ಮಣ ಮನೆಗಳಲ್ಲಿ ಶ್ರಾದ್ಧದ ದಿನ ಇವತ್ತಿಗೂ ಅದು ಒಲೆಯ ಹತ್ತಿರ ಬರುವಂತಿಲ್ಲ. ತಿಥಿ ಅಡುಗೆಯಲ್ಲಿ ಖಾರಕ್ಕೆ ಕರಿಮೆಣಸೇ, ಮೆಣಸಿನಕಾಯಿ ಇಲ್ಲ. ಹುಳಿಗೆ ಟೊಮೇಟೊ ಇಲ್ಲ. ಪಲ್ಯಕ್ಕೆ ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿ. ಉದ್ದು, ಹೆಸರು, ಎಳ್ಳು. ಬೀನ್ಸ್ ಇಂಗ್ಲಿಷರದೂ ಅಲ್ಲ, ಮೆಕ್ಸಿಕೊ ಮತ್ತು ಆಂಡೀಸ್ ಎರಡೂ ಕಡೆ ಪಳಗಿದ್ದು, ಅದಕ್ಕೂ ಪ್ರವೇಶವಿಲ್ಲ. ಸಸ್ಯಚರಿತ್ರೆ ಓದದ ಅಡುಗೆಯವರು ಸಾಗರದಾಚೆಯಿಂದ ಬಂದದ್ದನ್ನು ಬೇರೆ ಮಾಡಿ ಇಟ್ಟಿದ್ದಾರೆ. ಪಿತೃಗಳಿಗೆ ಅವರು ಬದುಕಿದ್ದಾಗ ಉಂಡದ್ದನ್ನೇ ಬಡಿಸಬೇಕೆಂಬ ಹಟವೋ, ಹೊಸದರ ಬಗೆಗಿನ ಅನುಮಾನವೋ, ಅಂತೂ ಪಯಸ್ ಕಂಡ ಕಾಲದ ಊಟವನ್ನು ಸವಿಯಬೇಕಾದವರು ಪುಸ್ತಕಕ್ಕಿಂತ ತಿಥಿ ಎಲೆಯ ಮುಂದೆ ಕೂರುವುದು ಮೇಲು.

ಇದೇ ಬೆಂಗಳೂರಿನ ಪಶ್ಚಿಮದಲ್ಲಿ ಉತ್ತರ ಕರ್ನಾಟಕದ ಖಾನಾವಳಿಗಳೂ ಬೇಕಾದಷ್ಟಿವೆ. ಅಲ್ಲಿಯವರ ಮನೆಗಳಲ್ಲಿ ಏಕಾದಶಿ, ಶಿವರಾತ್ರಿಯ ಉಪವಾಸಕ್ಕೆ ಸಾಬೂದಾಣಿ ಖಿಚಡಿ ಮಾಡುತ್ತಾರೆ. ಸಾಬೂದಾಣಿ ತೆಗೆಯುವ ಮರಗೆಣಸು ಬ್ರೆಜಿಲ್ ಕಡೆಯದು, ಶೇಂಗಾ ಬೊಲಿವಿಯಾದ ತಪ್ಪಲಿನದು, ಬಟಾಟಿ ಪೆರುವಿನದು, ಹಸಿಮೆಣಸಿನಕಾಯಿ ಮೆಕ್ಸಿಕೊದ್ದು. ಬಾಣಲೆಯಲ್ಲಿ ಹಳೆ ನಂಟು ಉಳಿದಿರುವುದು ಜೀರಿಗೆ, ತುಪ್ಪಕ್ಕೆ ಮಾತ್ರ. ಧಾನ್ಯವಲ್ಲ ಎಂಬ ಕಾರಣಕ್ಕೆ ಆಲೂಗಡ್ಡೆ ಅಲ್ಲಿ ಮಡಿಯಾಯಿತು. ಹೊರಗಿನದು ಎಂಬ ಕಾರಣಕ್ಕೆ ಇಲ್ಲಿ ಮೈಲಿಗೆಯಾಯಿತು. ಒಂದೇ ರಾಜ್ಯದ, ಒಂದೇ ಮಾತಿನ ಎರಡು ಅಡುಗೆಮನೆಗಳು. ಶೇಂಗಾ ಬಗ್ಗೆ ಒಂದು ಮಾತು: ಪೆರುವಿನ ಸಿಪಾನ್‌ನಲ್ಲಿ 1987ರಲ್ಲಿ ಬೆಳಕಿಗೆ ಬಂದ, ಇಂಕಾಗಳಿಗಿಂತ ಸಾವಿರ ವರ್ಷ ಹಿಂದಿನ ದೊರೆಯೊಬ್ಬನ ಗೋರಿಯಲ್ಲಿ ಚಿನ್ನ ಬೆಳ್ಳಿಯ ಕಡಲೆಕಾಯಿಗಳ ಹಾರ ಸಿಕ್ಕಿತು. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗುವವರು ಅದರ ಚಿತ್ರವನ್ನೊಮ್ಮೆ ನೋಡಬೇಕು.

ಮಸಾಲೆ ದೋಸೆಯೊಳಕ್ಕೆ ಪಲ್ಯವನ್ನು ಮೊದಲು ಇಟ್ಟವರು ಯಾರೆಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಉಡುಪಿಯ ಹೋಟೆಲುಗಳ ದಾರಿಯಲ್ಲಿ ಅದು ಬೆಂಗಳೂರಿಗೆ ಬಂತು. 1949ರಲ್ಲಿ ಅಡಿಗಲ್ಲು ಬಿದ್ದ ರಾಜಾಜಿನಗರದಲ್ಲಿ ಕಾರ್ಖಾನೆ, ಕಾರ್ಮಿಕರ ಮನೆಗಳು ಎದ್ದಂತೆ ಹೋಟೆಲೂ ಎದ್ದವು. ಬೆಲೆ ಕಡಿಮೆ, ವರ್ಷವಿಡೀ ಸಿಗುತ್ತದೆ, ಹೊಟ್ಟೆ ತುಂಬುತ್ತದೆ. ಹೋಟೆಲಿನವರಿಗೆ ಇದಕ್ಕಿಂತ ಒಳ್ಳೆಯ ತರಕಾರಿ ಇಲ್ಲ.

ಹೊಲದ ಕಥೆ ಇಷ್ಟು ಸಲೀಸಲ್ಲ. ಆಲೂಗಡ್ಡೆಯನ್ನು ಬೀಜದಿಂದ ಬಿತ್ತುವುದಿಲ್ಲ, ಗಡ್ಡೆಯನ್ನೇ ಹೂಳುತ್ತಾರೆ. ಹಾಗಾಗಿ ಒಂದು ತಳಿಯ ಗಿಡಗಳೆಲ್ಲ ಒಂದೇ ಗಿಡದ ಪಡಿಯಚ್ಚು. ಒಂದಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗುಲುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತಿದ್ದು ಹೀಗೆ, ಅಂಗಮಾರಿ ರೋಗ ಒಂದೇ ತಳಿಯ ಹೊಲಗಳನ್ನು ಕೊಳೆಸಿದ್ದರಿಂದ. ಆ ರೋಗ 1870-80ರ ನಡುವೆ ನೀಲಗಿರಿಗೂ ಬಂತು. ಪಿಸಾಕ್ ರೈತರು ಒಂದೇ ಹೊಲದಲ್ಲಿ ಹತ್ತಾರು ತಳಿ ಬೆರೆಸಿ ನೆಡುವುದು ಚಂದಕ್ಕಲ್ಲ. ಒಂದು ಸತ್ತರೆ ಇನ್ನೊಂದು ಉಳಿಯಲಿ ಎಂದು. ಸಮುದ್ರ ದಾಟಿ ನಮಗೆ ಗಡ್ಡೆ ಬಂತು, ಈ ಜಾಣತನ ಬರಲಿಲ್ಲ.

1949ರಲ್ಲಿ ಪಾಟ್ನಾದಲ್ಲಿ ಶುರುವಾಗಿ 1956ರಲ್ಲಿ ಶಿಮ್ಲಾಕ್ಕೆ ಹೋದ ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಹೊಸ ತಳಿಗಳನ್ನು ಕೂಡಿಸಿತು. ದೀರ್ಘ ಹಗಲಿನ ಬೆಟ್ಟದ ಮೇಲಷ್ಟೇ ಆಲೂಗಡ್ಡೆ ಚೆನ್ನಾಗಿ ಹೂ ಬಿಡುತ್ತದೆ. ಆ ಹೂಗಳನ್ನು ಕೂಡಿಸಿದ ಕುಫ್ರಿ ಬೆಟ್ಟದ ಹೆಸರೇ ತಳಿಗಳಿಗೂ ಅಂಟಿತು. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಹಾಸನವನ್ನು ಆವರಿಸಿತು. ಬಿತ್ತನೆ ಗಡ್ಡೆ ಬರುವುದು ಪಂಜಾಬಿನ ಜಲಂಧರ್‌ನಿಂದ, ಎರಡು ಸಾವಿರ ಕಿಲೋಮೀಟರ್‌ಗೂ ಆಚೆಯಿಂದ. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಯಲ್ಲಿ ಲಾರಿ ಇಳಿದಾಗ ರೈತ ಮೂಟೆ ಕೊಂಡು, ಗಡ್ಡೆ ಹೋಳು ಮಾಡಿ ನೆಡುತ್ತಾನೆ. ಬೇಸಾಯದ ಖರ್ಚಿನಲ್ಲಿ ದೊಡ್ಡ ಪಾಲು ಈ ಮೂಟೆಗೇ. ಜ್ಯೋತಿ ಬಿಡುಗಡೆಯಾದಾಗ ಅಂಗಮಾರಿಯನ್ನು ತಡೆಯುತ್ತಿತ್ತು. ರೋಗಾಣು ಬದಲಾಯಿತು, ತಳಿ ಬದಲಾಗಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಸಾಲು ಸಾಲು ವರ್ಷ ಹೊಲ ಕರಟಿದ ಮೇಲೆ ಹಾಸನದ ಬಹಳಷ್ಟು ರೈತರು ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿದರು. ಬೆಂಗಳೂರಿನ ಪಲ್ಯ ನಿಲ್ಲಲಿಲ್ಲ. ಆಗ್ರಾದ ಮೂಟೆಗಳು ಆ ಜಾಗ ತುಂಬಿದವು.

ನೀಲಗಿರಿಯಲ್ಲಿ ಇನ್ನೊಂದು ಪೀಡೆ ಕಾದಿತ್ತು. 1961ರಲ್ಲಿ ಉದಕಮಂಡಲದ ಒಂದು ಫಾರ್ಮಿನಲ್ಲಿ, ಅದರ ಹೆಸರೂ ವಿಜಯನಗರಂ, ಆಲೂಗಡ್ಡೆಯ ಬೇರು ಕೊರೆಯುವ ದುಂಡುಹುಳು ಪತ್ತೆಯಾಯಿತು. ಅದು ಆಂಡೀಸ್ ಮೂಲದ್ದೇ. ಯಾವುದೋ ಗಡ್ಡೆಯ ಮಣ್ಣಿಗಂಟಿಕೊಂಡು ಯೂರೋಪು ಸುತ್ತಿ ಊಟಿ ಸೇರಿತ್ತು. ಅಲ್ಲಿಂದ ಬಿತ್ತನೆ ಗಡ್ಡೆ ಹೊರಗೆ ಸಾಗಿಸುವುದಕ್ಕೆ ಸರ್ಕಾರ ತಡೆ ಹಾಕಿತು. ಅದಕ್ಕೆ ಜಗ್ಗದ ತಳಿಗಳನ್ನು ಕಟ್ಟಲು ತಜ್ಞರು ನೆಚ್ಚಿದ ಗುಣವೂ ಸಿಕ್ಕಿದ್ದು ಆಂಡೀಸ್‌ನ ನಾಟಿ ಆಲೂಗಡ್ಡೆಯಲ್ಲೇ. ಪೆರುವಿನ ರಾಜಧಾನಿ ಲಿಮಾದಲ್ಲಿ 1971ರಲ್ಲಿ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಹುಟ್ಟಿ, ಸಾವಿರಾರು ತಳಿಗಳನ್ನು ಕೂಡಿಟ್ಟಿದ್ದು ಇಂಥ ಹೊತ್ತಿಗೆ ಬೇಕೆಂದೇ.

ಆ ಲಿಮಾ ಕೇಂದ್ರ ಈಗ ಹಾಸನದಲ್ಲೂ ಕೆಲಸ ಮಾಡಿದೆ, ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಸೋಮನಹಳ್ಳಿ ಕಾವಲಿನ ಕೇಂದ್ರದ ಜೊತೆ. ಅಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ರೋಗಮುಕ್ತ ಪುಟ್ಟ ಗಿಡಗಳ ಕುಡಿ ಚಿವುಟಿ, ಬೇರು ಬರಿಸಿ, ಟ್ರೇಗಳಲ್ಲಿ ಸಸಿ ಮಾಡುತ್ತಾರೆ. ರೈತ ಅವನ್ನು ಟೊಮೇಟೊ ಸಸಿಯಂತೆ ನೆಟ್ಟು, ಬಂದ ಗಡ್ಡೆಯನ್ನು ಮುಂದಿನ ಹಂಗಾಮಿಗೆ ತನ್ನದೇ ಬಿತ್ತನೆಯಾಗಿ ಇಟ್ಟುಕೊಳ್ಳಬಹುದು. ಜಲಂಧರ್ ಲಾರಿಗೆ ಕಾಯಬೇಕಿಲ್ಲ. ಕುಫ್ರಿ ಹಿಮಾಲಿನಿಯಂಥ ಬೇರೆ ತಳಿಗಳಿಗೂ ದಾರಿ ಆಗುತ್ತದೆ. ಇದರಲ್ಲಿ ಕಷ್ಟವಿಲ್ಲವೆಂದಲ್ಲ. ಸಸಿಗೆ ನೀರು ಬೇಕು, ನೆರಳಿನ ಮನೆ ಬೇಕು, ಮೂಟೆ ಕೊಂಡು ಹೂಳುವುದಕ್ಕಿಂತ ಕೈಕೆಲಸ ಹೆಚ್ಚು. ಮಳೆ ನೆಚ್ಚಿದ ಸಣ್ಣ ರೈತನಿಗೆ ಅದು ಹೊರೆಯೇ. ಆದರೂ ಹಾಸನಕ್ಕೆ ಆಲೂಗಡ್ಡೆ ಮರಳಬೇಕಾದರೆ ಹಳೆಯ ಒಂದೇ ತಳಿಯ ಹಾದಿಯಲ್ಲಿ ಅದು ಆಗದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇಷ್ಟರಲ್ಲಿ ತಿನ್ನುವವರ ಮಾತು ಕೇಳಿಸಿಕೊಂಡವರು ಕಡಿಮೆ. ಚಿಪ್ಸ್‌ಗೆ ಸಕ್ಕರೆ ಅಂಶ ಕಡಿಮೆಯಿರುವ, ಒಣ ತಿರುಳಿನ ಗಡ್ಡೆ ಬೇಕೆಂದು 1998ರಲ್ಲೇ ಚಿಪ್ಸೋನಾ ಎಂಬ ತಳಿ ಬಂತು, ಕಾರ್ಖಾನೆಗೆ ದನಿಯಿತ್ತು. ದೋಸೆಯ ಪಲ್ಯಕ್ಕೆ ಬೇಕಾದ ಗುಣ ಬೇರೆ: ಬೆಂದು ಅರ್ಧ ಕರಗಬೇಕು, ಅರ್ಧ ಹೋಳಾಗಿ ಉಳಿಯಬೇಕು, ಅರಿಸಿನ ಹಿಡಿಯಬೇಕು, ನೀರು ಬಿಡಬಾರದು. ಹಾಸನಕ್ಕೆ ಮುಂದಿನ ತಳಿ ಆರಿಸುವ ಸಭೆಯಲ್ಲಿ ವಿಜ್ಞಾನಿಗಳ ಪಕ್ಕ ರಾಜಾಜಿನಗರದ ಹಳೆಯ ಹೋಟೆಲಿನ ಅಡುಗೆ ಭಟ್ಟರೊಬ್ಬರಿಗೂ ಕುರ್ಚಿ ಹಾಕಲಿ.