ಘಣಸೋಲಿಯ ಕಟ್ಟಡ, ಊರಿನ ಮನೆ ಮತ್ತು ಭೂಕಂಪ

ಘಣಸೋಲಿಯಲ್ಲಿ ಮನೆ ಕೊಳ್ಳಲು ಹೊರಡುವ ನಮ್ಮವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ತೆರನಾದವು. ರೈಲು ನಿಲ್ದಾಣ ಎಷ್ಟು ದೂರ, ನೀರು ಎಷ್ಟು ಹೊತ್ತು ಬರುತ್ತದೆ, ವಾಹನ ನಿಲ್ಲಿಸಲು ಸ್ಥಳವಿದೆಯೇ, ತಿಂಗಳ ಕಂತು ಎಷ್ಟಾದೀತು? ಈ ಕಟ್ಟಡವು ಭೂಕಂಪವನ್ನು ತಾಳಿಕೊಳ್ಳಬಲ್ಲದೇ ಎಂದು ಕೇಳಿದ ಸಾಲಗಾರರು, ಬ್ಯಾಂಕಿನ ಮೇಜಿನ ಈಚೆ ಬದಿಯಲ್ಲಿ ಕುಳಿತ ನನ್ನ ಅನುಭವದಲ್ಲಿ ತೀರ ವಿರಳ. ಭೂಕಂಪವೆಂಬುದು ಹಿಮಾಲಯದ ತಪ್ಪಲಿನವರಿಗೋ ಜಪಾನೀಯರಿಗೋ ಸೇರಿದ ಸಂಗತಿಯೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ.

ಭಾರತೀಯ ಮಾನಕ ಸಂಸ್ಥೆಯು 2002ರಲ್ಲಿ ಪರಿಷ್ಕರಿಸಿದ ಭೂಕಂಪ ನಕ್ಷೆಯು ದೇಶವನ್ನು ಎರಡರಿಂದ ಐದರವರೆಗಿನ ನಾಲ್ಕು ವಲಯಗಳಾಗಿ ವಿಂಗಡಿಸಿತು. ಸಂಖ್ಯೆ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಮುಂಬಯಿ, ಠಾಣೆ, ನವಿ ಮುಂಬಯಿಗಳು ಅದರಲ್ಲಿ ಮೂರನೆಯ ವಲಯಕ್ಕೆ ಸೇರಿದವು. ಕರ್ನಾಟಕದ ಬಹುಭಾಗ ಎರಡನೆಯ ವಲಯದಲ್ಲಿದ್ದರೂ ಕರಾವಳಿಯೂ ಬೀದರದಂತಹ ಉತ್ತರದ ಕೆಲವು ಜಿಲ್ಲೆಗಳೂ ಮೂರನೆಯದರಲ್ಲೇ ಬಂದವು. ಅಂದರೆ ಬೀದರಿನ ಹಳ್ಳಿಯನ್ನೋ ಉಡುಪಿಯ ತೋಟದ ಮನೆಯನ್ನೋ ಬಿಟ್ಟು ಘಣಸೋಲಿಗೆ ಬಂದವನು ನಕ್ಷೆಯ ಲೆಕ್ಕದಲ್ಲಿ ವಲಯವನ್ನು ಬದಲಿಸಲೇ ಇಲ್ಲ. ಬದಲಾದದ್ದು ಅವನ ತಲೆಯ ಮೇಲಿನ ಸೂರು. ಅಪಾಯದ ಸ್ವರೂಪವೆಲ್ಲ ಅಡಗಿರುವುದು ಆ ಸೂರಿನಲ್ಲಿಯೇ.

ಈ ಭಾಗದ ಹಿರಿಯರಿಗೆ ಕೊಯ್ನಾ ಇನ್ನೂ ಮರೆತಿಲ್ಲ. 1967ರ ಡಿಸೆಂಬರ್ 11ರ ನಸುಕಿನಲ್ಲಿ, ನಾಲ್ಕು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ಸಾತಾರಾ ಜಿಲ್ಲೆಯ ಕೊಯ್ನಾನಗರವು ನಡುಗಿತು. ಕಂಪನದ ಪ್ರಮಾಣ 6.3ರಷ್ಟು. ನೂರೆಪ್ಪತ್ತಕ್ಕೂ ಮಿಕ್ಕಿ ಜನ ಸತ್ತರು. ಅಣೆಕಟ್ಟಿನಲ್ಲಿ ಬಿರುಕು ಬಿಟ್ಟಿತು, ಜಲವಿದ್ಯುತ್ ನಿಂತು ಮುಂಬಯಿಯ ಕಾರ್ಖಾನೆಗಳಿಗೂ ಅದರ ಬಿಸಿ ತಟ್ಟಿತು. 1962ರಿಂದ ಜಲಾಶಯ ತುಂಬತೊಡಗಿದ ಮೇಲೆಯೇ ಅಲ್ಲಿ ಕಂಪನಗಳು ಕಾಣಿಸಿಕೊಂಡದ್ದರಿಂದ, ನೀರಿನ ಭಾರಕ್ಕೂ ಭೂಕಂಪಕ್ಕೂ ಇರುವ ಸಂಬಂಧಕ್ಕೆ ಕೊಯ್ನಾ ಜಗತ್ತಿನ ಪ್ರಮುಖ ಉದಾಹರಣೆಯಾಯಿತು. ಸಣ್ಣಪುಟ್ಟ ನಡುಕಗಳು ನಂತರದ ದಶಕಗಳಲ್ಲಿಯೂ ಮುಂದುವರಿದವು. ಘಣಸೋಲಿಯಿಂದ ಅದು ನೇರ ದೂರದಲ್ಲಿ ಸುಮಾರು 200 ಕಿಲೋಮೀಟರು.

ಕನ್ನಡಿಗರಿಗೆ ಇನ್ನೂ ಹತ್ತಿರದ ದುರಂತ ಕಿಲ್ಲಾರಿಯದು. ಲಾತೂರು ಜಿಲ್ಲೆಯ ಈ ಊರು ನಮ್ಮ ಬೀದರ, ಕಲಬುರಗಿಗಳಿಂದ ನೂರು ಕಿಲೋಮೀಟರಿನೊಳಗೇ ಇದೆ. 1993ರ ಸೆಪ್ಟೆಂಬರ್ 29 ಅನಂತ ಚತುರ್ದಶಿ. ಗಣಪತಿಯನ್ನು ನೀರಿಗೆ ಬಿಟ್ಟು, ದಣಿದು ಮಲಗಿದ್ದ ಹಳ್ಳಿಗಳ ಮೇಲೆ ಮಾರನೆಯ ದಿನ ನಸುಕಿನ 3 ಗಂಟೆ 56 ನಿಮಿಷಕ್ಕೆ ಮನೆಗಳು ಕುಸಿದವು. ಪ್ರಮಾಣ 6.2, ಸತ್ತವರು ಹತ್ತು ಸಾವಿರದ ಆಸುಪಾಸು. ಆಗಿನ ನಕ್ಷೆಯಲ್ಲಿ ಆ ಪ್ರದೇಶವು ಅತ್ಯಂತ ಸುರಕ್ಷಿತವೆನಿಸಿದ ಒಂದನೆಯ ವಲಯದಲ್ಲಿತ್ತು ಎಂಬುದನ್ನು ನೆನೆದರೆ, ನಕ್ಷೆಯ ಬಣ್ಣವನ್ನಷ್ಟೇ ನಂಬಿ ನಿಶ್ಚಿಂತೆಯಿಂದಿರುವುದು ಎಷ್ಟು ಸರಿ ಎಂಬ ಸಂದೇಹ ಏಳದಿರದು.

ಅಲ್ಲಿ ಜನರನ್ನು ಕೊಂದದ್ದು ಗೋಡೆಗಳು. ಎರಡು, ಮೂರು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಬಿಸಿಲನ್ನು ತಡೆಯಲೆಂದು ವರ್ಷವರ್ಷವೂ ಹಾಕಿದ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ, ವಾಸಕ್ಕೆ ಬಲು ಹಿತ. ಆದರೆ ಗೋಡೆಯ ಒಳಮುಖದ ಕಲ್ಲಿಗೂ ಹೊರಮುಖದ ಕಲ್ಲಿಗೂ ಹೆಣಿಗೆಯಿಲ್ಲದ ಕಾರಣ, ನೆಲ ಪಕ್ಕಕ್ಕೆ ಅಲುಗಿದೊಡನೆ ಗೋಡೆ ಇಬ್ಭಾಗವಾಗಿ ಸೀಳಿ, ಮಾಳಿಗೆಯ ಭಾರವೆಲ್ಲ ಮಲಗಿದವರ ಮೇಲೆ ಬಿತ್ತು. ಇಂತಹ ಮನೆಗಳು ಬೀದರ, ಕಲಬುರಗಿ, ವಿಜಯಪುರದ ಸೀಮೆಯಲ್ಲಿ ಇಂದಿಗೂ ಉಂಟು. ನಮ್ಮಲ್ಲಿ ಎಷ್ಟೋ ಜನರ ತಾಯಿತಂದೆಗಳು ಅವುಗಳಲ್ಲಿಯೇ ವಾಸವಾಗಿದ್ದಾರೆ. ವಿಜಯಪುರದ ಸುತ್ತ 2021ರಲ್ಲಿ, ಸುಳ್ಯ ಮತ್ತು ಕೊಡಗಿನ ಗಡಿಯಲ್ಲಿ 2022ರಲ್ಲಿ ಸಣ್ಣ ನಡುಕಗಳಾದಾಗ ಊರಿಗೆ ದೂರವಾಣಿ ಮಾಡಿ ಗಾಬರಿಯಿಂದ ವಿಚಾರಿಸಿದೆವು. ನಾಲ್ಕು ದಿನದಲ್ಲಿ ಮರೆತೂ ಬಿಟ್ಟೆವು. ಊರಿಗೆ ಹಣ ಕಳುಹಿಸುವಾಗ ಹೊಸ ಬಣ್ಣಕ್ಕೆಂದು ಕೊಡುವುದರಲ್ಲಿ ಒಂದು ಪಾಲನ್ನು ಬೇರೆ ಕೆಲಸಕ್ಕೆ ಕೊಡಬಹುದು. ಮಾಳಿಗೆಯ ಮೇಲೆ ಪೇರಿಸಿದ ಹೆಚ್ಚುವರಿ ಮಣ್ಣನ್ನು ಇಳಿಸುವುದು, ಗೋಡೆಯ ಎರಡೂ ಮುಖಗಳನ್ನು ಅಲ್ಲಲ್ಲಿ ಕಾಂಕ್ರೀಟಿನಿಂದ ಬೆಸೆಯುವುದು, ಬಾಗಿಲ ಮೇಲಿನ ಮಟ್ಟದಲ್ಲಿ ಮನೆಯ ಸುತ್ತ ಒಡ್ಯಾಣದಂತೆ ಒಂದು ಪಟ್ಟಿಯನ್ನು ಕಟ್ಟಿಸುವುದು, ಇವು ಬಲ್ಲ ಎಂಜಿನಿಯರರ ಸಲಹೆಯಿಂದ ಮಾಡಿಸಬಹುದಾದ ಕೆಲಸಗಳು.

ತಲೆಯ ಮೇಲಿನ ಭಾರವೇ ಶತ್ರುವಾಗುವುದು ನಮ್ಮಲ್ಲಿ ಮಾತ್ರವಲ್ಲ. ಜಪಾನಿನ ಕೋಬೆ ನಗರದಲ್ಲಿ 1995ರ ಜನವರಿ 17ರಂದು, ಅಲ್ಲಿಯೂ ನಸುಕಿನಲ್ಲಿಯೇ, 6,400ಕ್ಕೂ ಹೆಚ್ಚು ಜನ ಮೃತರಾದರು. ಬಹುಪಾಲು ಸತ್ತದ್ದು ಭಾರವಾದ ಹೆಂಚು ಹೊತ್ತ ಹಳೆಯ ಮರದ ಮನೆಗಳ ಕೆಳಗೆ. 1981ರ ಬಿಗಿಯಾದ ನಿಯಮದಂತೆ ಕಟ್ಟಿದವುಗಳು ಬಹುಮಟ್ಟಿಗೆ ಉಳಿದವು.

ಇನ್ನು ನಗರದ ಕಟ್ಟಡಗಳ ವಿಚಾರ. 2001ರ ಜನವರಿ 26ರ ಬೆಳಿಗ್ಗೆ ಕಛ್‌ನಲ್ಲಿ 7.7 ಪ್ರಮಾಣದ ಭೂಕಂಪವಾದಾಗ, ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಉರುಳಿದವು. ಕೊಯ್ನಾಕ್ಕೆ ಹೋಲಿಸಿದರೆ ಅದರ ಶಕ್ತಿ ನೂರು ಪಟ್ಟಿಗೂ ಮೀರಿದುದು, ಆದುದರಿಂದ ಅದೇ ಗತಿ ನಮಗೂ ಬರುವುದೆಂದು ಹೆದರಿಸುವುದು ನ್ಯಾಯವಲ್ಲ. ಆದರೆ ಬಿದ್ದ ಕಟ್ಟಡಗಳ ಲಕ್ಷಣವನ್ನು ಗಮನಿಸಬೇಕು. ಅವುಗಳಲ್ಲಿ ಹಲವು, ನೆಲಮಹಡಿಯನ್ನು ವಾಹನಗಳಿಗೆ ಬಿಟ್ಟು ಬರಿಯ ಕಂಬಗಳ ಮೇಲೆ ನಿಂತವು. ಮೇಲೆ ಗೋಡೆಗಳ ಬಿಗಿ, ಕೆಳಗೆ ಬರಿ ಕಾಲು. ಅಲುಗಾಟವೆಲ್ಲ ಆ ಕಾಲುಗಳಿಗೇ ಬಂದು ಅವು ಮುರಿದವು. ಅಂತಹ ಕಂಬಗಳನ್ನು ಎರಡೂವರೆ ಪಟ್ಟು ಬಲಕ್ಕೆ ವಿನ್ಯಾಸಗೊಳಿಸಬೇಕೆಂದು 2002ರ ಸಂಹಿತೆ ವಿಧಿಸಿತು. ಕಂಬದ ಉದ್ದನೆಯ ಸರಳುಗಳನ್ನು ಸುತ್ತುವ ರಿಂಗುಗಳು ಒತ್ತೊತ್ತಾಗಿರಬೇಕು, ಅವುಗಳ ತುದಿ ಕಾಂಕ್ರೀಟಿನ ಒಳಕ್ಕೆ ಬಾಗಿರಬೇಕು ಎಂಬ ನಿಯಮ 1993ರಿಂದಲೇ ಇದೆ. ಸ್ಲ್ಯಾಬ್ ಬಿದ್ದ ಮೇಲೆ ಇದು ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ಆದ್ದರಿಂದಲೇ ಮಂಜೂರಾದ ನಕ್ಷೆ, ಸಂರಚನಾ ಎಂಜಿನಿಯರರ ಪ್ರಮಾಣಪತ್ರ ಮತ್ತು ವಾಸಯೋಗ್ಯತಾ ಪ್ರಮಾಣಪತ್ರ, ಈ ಮೂರನ್ನು ಬ್ಯಾಂಕಿನವರು ಹಟ ಹಿಡಿದು ಕೇಳುವುದು. ಇದನ್ನು ಕಿರುಕುಳವೆಂದು ಬಗೆಯುವವರು 2013ರ ಏಪ್ರಿಲ್ 4ರಂದು, ಇಲ್ಲಿಗೆ ಸಮೀಪದ ಶೀಲ್ ಫಾಟಾದಲ್ಲಿ ಕುಸಿದ ಅನಧಿಕೃತ ಕಟ್ಟಡವನ್ನು ನೆನೆಯಲಿ. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅಂದು ಭೂಮಿ ಕಂಪಿಸಿರಲೇ ಇಲ್ಲ.

ಖಾಡಿಯ ಅಂಚಿನ ನಮ್ಮ ಊರಿನಲ್ಲಿ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಸ್ನಾನದ ಮನೆಯ ಸೋರಿಕೆ ಸೇರಿ ಸರಳುಗಳಿಗೆ ತುಕ್ಕು ಹಿಡಿಸುತ್ತವೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಅಂತಹ ಕಡೆ ಗಿಲಾವು ಮಾಡಿಸಿ ಬಣ್ಣ ಬಳಿಯುವುದು ಕಾಯಿಲೆಯ ಮೇಲೆ ಕಂಬಳಿ ಹೊದಿಸಿದಂತೆ. ಮಹಾರಾಷ್ಟ್ರದ ಸಹಕಾರಿ ಗೃಹಸಂಘಗಳ ಮಾದರಿ ಉಪನಿಯಮದ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ ಮೂರು ವರ್ಷಕ್ಕೊಮ್ಮೆ ಸಂರಚನೆಯ ತಪಾಸಣೆ ಆಗಬೇಕು. ವಾರ್ಷಿಕ ಸಭೆಯಲ್ಲಿ ವಾಹನ ನಿಲುಗಡೆಯ ಜಗಳಕ್ಕೆ ಎರಡು ಗಂಟೆ ಸಲ್ಲುತ್ತದೆ, ತಪಾಸಣೆಯ ವಿಷಯಕ್ಕೆ ಎರಡು ನಿಮಿಷವೂ ದೊರೆಯುವುದಿಲ್ಲ. ನೆಲಮಹಡಿಯಲ್ಲಿ ಅಂಗಡಿಗೆಂದು ಗೋಡೆ ಒಡೆಯುವವರನ್ನೂ ತಾರಸಿಯ ಮೇಲೆ ಭಾರವಾದ ತೊಟ್ಟಿ ಏರಿಸುವವರನ್ನೂ ತಡೆಯಬೇಕಾದವರು ಸದಸ್ಯರೇ.

ನೆಲ ನಡುಗುವಾಗ ಏನು ಮಾಡಬೇಕು? ಕಾಂಕ್ರೀಟಿನ ಮಹಡಿಯಲ್ಲಿರುವವರು ಗಟ್ಟಿಯಾದ ಮೇಜಿನ ಕೆಳಗೆ ಬಾಗಿ, ತಲೆಯನ್ನು ಕಾಪಾಡಿಕೊಂಡು, ಮೇಜಿನ ಕಾಲನ್ನು ಹಿಡಿದಿರಬೇಕು. ಲಿಫ್ಟ್ ಬೇಡ, ಮೆಟ್ಟಿಲ ಕಡೆಗೆ ಧಾವಿಸುವುದೂ ಬೇಡ. ನಡುಕ ನಿಂತ ಮೇಲೆ ಅಡಿಗೆ ಅನಿಲವನ್ನು ಮುಚ್ಚಿ ಇಳಿಯಬೇಕು. ಊರಿನ ಮಣ್ಣುಗೋಡೆಯ ಮನೆಯಲ್ಲಾದರೆ, ಬಾಗಿಲು ಹತ್ತಿರವಿದ್ದಲ್ಲಿ ಕೂಡಲೇ ಬಯಲಿಗೆ ಹೋಗುವುದು ಲೇಸು. ಹಾಸಿಗೆಯ ತಲೆಯ ಮೇಲೆ ಅಟ್ಟಣಿಗೆ, ಕಪಾಟು, ಚಿತ್ರಪಟಗಳು ಬೇಡ. ಕಪಾಟನ್ನು ಗೋಡೆಗೆ ಬಿಗಿಯಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರು ಒಂದು ವಾರದ ಔಷಧಿಯನ್ನೂ ವೈದ್ಯರ ಚೀಟಿಯ ನಕಲನ್ನೂ ಒಂದು ಚೀಲದಲ್ಲಿ ಬಾಗಿಲ ಬಳಿ ಇಟ್ಟಿರಬೇಕು.

ನಮ್ಮಿಂದ ಸುಮಾರು ನೂರು ಕಿಲೋಮೀಟರು ಉತ್ತರಕ್ಕಿರುವ ಪಾಲಘರ ಜಿಲ್ಲೆಯ ಡಹಾಣು, ತಲಾಸರಿಗಳಲ್ಲಿ 2018ರ ನವೆಂಬರಿನಿಂದ ನಡುಕಗಳ ಸರಣಿಯೇ ನಡೆಯಿತು. ಪ್ರಮಾಣ ಸಣ್ಣದಾದರೂ ಜನ ಚಳಿಯಲ್ಲಿ ಮಕ್ಕಳೊಡನೆ ಗುಡಾರಗಳಲ್ಲಿ ಮಲಗಿದರು. ದಿನಗಟ್ಟಲೆ ನಿದ್ರೆಗೆಟ್ಟ ಭಯವೂ ಒಂದು ಕಾಯಿಲೆಯೇ. ವದಂತಿಗಳಿಂದ ಅದು ಹೆಚ್ಚುತ್ತದೆ. ಭೂಕಂಪದ ದಿನ, ಗಂಟೆಯನ್ನು ಮುಂಚಿತವಾಗಿ ಹೇಳುವ ವಿದ್ಯೆ ಯಾರಲ್ಲಿಯೂ ಇಲ್ಲವೆಂಬುದನ್ನು ಮನೆಯ ಮಕ್ಕಳಿಗೂ ವೃದ್ಧರಿಗೂ ತಿಳಿಸಿ ಹೇಳಬೇಕು.

ಕೊನೆಯದಾಗಿ ವಿಮೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ ಗೃಹ ರಕ್ಷಾ ಎಂಬ ಮಾದರಿ ಪಾಲಿಸಿಯಲ್ಲಿ ಬೆಂಕಿಯೊಡನೆ ಭೂಕಂಪವೂ ಸೇರಿದೆ. ಹಿಂದಿನ ಅಗ್ನಿವಿಮೆಯಲ್ಲಿ ಅದನ್ನು ಬೇರೆಯಾಗಿ ಕೇಳಿ ಪಡೆಯಬೇಕಾಗಿತ್ತು. ಆದರೆ ಸಾಲದ ಜೊತೆ ಮಾಡಿಸುವ ಎಲ್ಲ ವಿಮೆಯೂ ಮನೆಯ ವಿಮೆಯಲ್ಲ. ಕೆಲವು ಸಾಲಗಾರನ ಜೀವಕ್ಕೆ ಮಾತ್ರ ಸಂಬಂಧಿಸಿದವು. ಇನ್ನು ಕೆಲವು ಸಾಲದ ಅವಧಿಯೊಡನೆ ಮುಗಿಯುತ್ತವೆ, ಸಾಲ ತೀರಿದ ಸಂತೋಷದಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ಕಪಾಟಿನಲ್ಲಿರುವ ಕಾಗದಗಳನ್ನು ಈ ಭಾನುವಾರ ತೆಗೆದು, ಪಾಲಿಸಿಯು ಕಟ್ಟಡಕ್ಕೋ ಜೀವಕ್ಕೋ, ಭೂಕಂಪವೆಂಬ ಪದ ಅದರಲ್ಲಿದೆಯೋ ಇಲ್ಲವೋ, ಮುಕ್ತಾಯದ ದಿನಾಂಕ ಯಾವುದು ಎಂಬ ಮೂರನ್ನು ಓದುಗರು ನೋಡಿಕೊಳ್ಳಬೇಕಾಗಿ ವಿನಂತಿ. ಗೃಹಸಂಘದ ಕಾರ್ಯದರ್ಶಿಗಳನ್ನು ಇದೇ ಪ್ರಶ್ನೆ ಇಡೀ ಕಟ್ಟಡದ ಬಗ್ಗೆ ಕೇಳಬಹುದು.